ಹಗ್ಗದ ನೋಟ

ಚಾವಣಿಯ ಆರು ತೂತಿನಿಂದ ಆರು ಹಗ್ಗ ಇಳಿದಿವೆ.
ಮೇಲೆ, ಯಾರಿಗೂ ಕಾಣದ ಕಡೆ,
ಆರು ಗಂಟೆ ಬಾಯಿ ಆಕಾಶಕ್ಕೆ ಮಾಡಿ
ಕೂತಿವೆ, ಗುಟುಕಿಗೆ ಕಾದ ಮರಿಗಳ ಹಾಗೆ.
ಥರ್ಲೋಫೆನ್ ಚರ್ಚಿನ ಗೋಪುರ, ಮಂಗಳವಾರ,
ಸೀಮೆಎಣ್ಣೆ ಹೀಟರಿನ ವಾಸನೆ, ಒದ್ದೆ ಕೋಟುಗಳು,
ಹೊರಗೆ ಲಿಂಕನ್‌ಶೈರಿನ ಜೌಗು ಬಯಲು
ಮಳೆಯಲ್ಲಿ ಎಲ್ಲಿ ಮುಗಿಯುತ್ತದೋ ಗೊತ್ತಾಗುತ್ತಿಲ್ಲ.

ನಾಲ್ಕನೆಯ ಹಗ್ಗ ಗಾಸ್ಲಿಂಗನದು.
ಟ್ರ್ಯಾಕ್ಟರ್ ರಿಪೇರಿಯವನು. ಜೇಬಿನಲ್ಲೊಂದು ನೋಟ್‌ಬುಕ್,
ಪುಟಪುಟಕ್ಕೂ ಗ್ರೀಸಿನ ಹೆಬ್ಬೆಟ್ಟು:
ಮೊದಲ ಎಳೆತ, ಎದೆಮಟ್ಟ.
ಎರಡನೆಯದು ತುಸು ಸಡಿಲ.
ಮೂರನೆಯದಕ್ಕೆ ಉಸಿರು ಹಿಡಿ, ಭುಜ ಬಿಡು.
ಹೀಗೆ ಒಂಬತ್ತು ಪುಟ.
ವಾಷರ್ ಆದ ಮೇಲೆ ನಟ್ಟು, ನಟ್ಟಾದ ಮೇಲೆ ಸ್ಪ್ಯಾನರ್,
ಲೋಕ ಹೀಗೇ ಬಿಗಿಯಾಗುತ್ತದೆ ಎಂದು ನಂಬಿದವನು.

ವಿನಿಫ್ರೆಡ್ ಟ್ಯಾಬರರ್ ಕನ್ನಡಕ ಹಣೆಗೇರಿಸಿ ಓದಿದಳು.
ಮೂವತ್ತೊಂದು ವರ್ಷ ಟಪಾಲು ಹಂಚಿದವಳು, ಬೇಗ ಓದುತ್ತಾಳೆ.
"ಎಲ್ಲ ಇದೆಯಪ್ಪ," ಅಂದಳು.
"ಇವತ್ತಿನ ಮಳೆ ಎಲ್ಲಿದೆ ಇದರಲ್ಲಿ?"

ಹೌದು. ತೇವ ಕುಡಿದ ಹಗ್ಗ ಗಿಡ್ಡವಾಗಿತ್ತು.
ಹೋದ ವಾರದ ಎದೆಮಟ್ಟ
ಇವತ್ತು ಗದ್ದದ ಮಟ್ಟ.

"ಕೈ ಏನು ಮಾಡಿತು ಅಂತ ಬರೀಬೇಡ.
ಕೈ ಪ್ರತಿಸಲ ಬೇರೆಯದೇ ಮಾಡುತ್ತೆ, ಮಾಡಲಿ.
ನೀನು ಯಾರ ಹಿಂದೆ? ಅದೊಂದು ಕೇಳಿಸಿಕೋ."

ಮೊದಲು ಸರಳ ಸಾಲು,
ಒಂದು ಎರಡು ಮೂರು ನಾಲ್ಕು ಐದು ಆರು,
ಸಣ್ಣದರಿಂದ ದಪ್ಪದಕ್ಕೆ ಮೆಟ್ಟಿಲಿಳಿದ ಹಾಗೆ.
ಆಮೇಲೆ ಅವಳ ಕೂಗು: "ಮೂರು, ನಾಲ್ಕರ ಹಿಂದೆ!"
ಈಗ ಗಾಸ್ಲಿಂಗ್ ಎರಡರ ಬೆನ್ನಿಗೆ ಬರಬೇಕು.
ಆದರೆ ಗಂಟೆ, ಎಳೆದ ಕ್ಷಣಕ್ಕೆ ಮಾತಾಡುವುದಿಲ್ಲ;
ಮೇಲೆ ಹೊರಳಿ, ಯೋಚಿಸಿ, ಆಮೇಲೆ.
ಕೇಳಿಸುವ ಮೊದಲೇ ಎಳೆಯಬೇಕು,
ಕೇಳಿಸಿದ ಮೇಲೆ ತಿದ್ದಬೇಕು.
ತಡವಾಯಿತು. ಐದು ಇವನ ಮೇಲೆ ಬಿತ್ತು,
ಬೋಗುಣಿ ಜಾರಿದ ಅಡಿಗೆಮನೆಯಂಥ ಸದ್ದು.
"ನಿಲ್ಲಿಸಿ."

ಇಲ್ಲಿ ನನ್ನದೊಂದು ಮಾತು ಸೇರಿಸಲೇ?
ನನ್ನ ಭಾಷೆಯಲ್ಲಿ ಸರ ಅಂದರೆ ಕೊರಳಿಗೆ ಹಾಕುವುದು.
ಅದೇ ಎರಡಕ್ಷರ ಹಿಂದುಮುಂದಾದರೆ ರಸ, ಲೋಟಕ್ಕೆ ಸುರಿಯುವುದು.
ಅಕ್ಷರ ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ.
ಹಾಗಾದರೆ ಬದಲಾದದ್ದು ಎಲ್ಲಿತ್ತು?
ಸ ದಲ್ಲಿರಲಿಲ್ಲ, ರ ದಲ್ಲಿರಲಿಲ್ಲ.
ಮೊದಲು ಆಮೇಲೆ ಎಂಬುದೂ ಒಂದು ವಸ್ತು,
ಕಿವಿಗೆ ಮಾತ್ರ ಸಿಗುವ ವಸ್ತು.

ಮತ್ತೆ ಶುರು. ಏಳನೆಯ ಸಲವೋ ಎಂಟನೆಯದೋ,
ಗಾಸ್ಲಿಂಗ್ ತನ್ನ ಹಗ್ಗ ನೋಡುವುದನ್ನು ಬಿಟ್ಟ.
ಎದುರಿನ ಐದು ಹಗ್ಗ ಏಳುತ್ತ ಬೀಳುತ್ತ
ಒಂದೇ ಬಟ್ಟೆಯ ಅಲೆಯಾಯಿತು, ಅದರಲ್ಲೊಂದು ಸಂದು,
ತನ್ನಷ್ಟೇ ಅಗಲದ ಸಂದು.
ಗಾಳಿ ಬೀಸಿ ಗೋಪುರ ಒಂದು ಕೂದಲೆಳೆ ಓಲಾಡಿತು,
ಐದನೆಯವನು ಕೆಮ್ಮಿ ಹಿಂದುಳಿದ,
ಸಾಲು ಮಾತ್ರ ಕೆಡಲಿಲ್ಲ:
ಎರಡು, ನಾಲ್ಕು, ಮೂರು.
ಎರಡು, ನಾಲ್ಕು, ಮೂರು.
ಕೈ ಏನು ಮಾಡಿತೆಂದು ಕೇಳಿದರೆ
ಅವನಿಗೆ ಗೊತ್ತಿಲ್ಲ. ಕೈಗೂ ಗೊತ್ತಿಲ್ಲ.
ಬರೆದುಕೊಳ್ಳಲು ಏನೂ ಇರಲಿಲ್ಲ.

ಒಂಬತ್ತಕ್ಕೆ ಎಲ್ಲ ಇಳಿದರು, ಸುರುಳಿ ಮೆಟ್ಟಿಲು,
ಒಂದರಂತೆ ಒಂದಿಲ್ಲದ ಕಲ್ಲು, ಗೋಡೆ ಸವರುತ್ತ.
ಹೀಟರ್ ಆರಿತ್ತು, ಕಿಟಕಿ ಮುಚ್ಚಿತ್ತು,
ವಿನಿಫ್ರೆಡ್ ಬೀಗ ಹಾಕಿ ಕೀಲಿಕೈ ಕೋಟಿಗೆ ಹಾಕಿದಳು.
ಗೇಟಿನ ತನಕ ಹೋದವಳು ನಿಂತಳು.
ಏನೋ ಸರಿಯಿಲ್ಲ.
ತಿರುಗಿ ನೋಡಿದರೆ
ಕತ್ತಲ ಗೋಪುರದ ಸೀಳುಕಿಟಕಿಯಲ್ಲಿ
ಹಳದಿ ಬೆಳಕು, ನಾಲಿಗೆ ಚಾಚಿದ ಹಾಗೆ.

"ಅಯ್ಯೋ, ನಾಲ್ಕರ ಮುಂದೆ ಐದು!"
ಗಾಸ್ಲಿಂಗ್ ನಕ್ಕುಬಿಟ್ಟ, ಅವಳೂ.
ಕೀಲಿಕೈಗೆ ಕೈ ಹಾಕಿದಳು. ಈ ಜೇಬಲ್ಲ. ಆ ಜೇಬು.
ಮಳೆಯಲ್ಲೇ ಮತ್ತೆ ಹತ್ತಿದರು ಇಬ್ಬರೂ,
ದೀಪ ಆರಿಸಿ, ಆಮೇಲೆ
ಬೀಗ.